ಅದೇ ಕಾಯಿಲ್, ಬೇರೆ ದನಿ

ಮೈಸೂರಿನಲ್ಲಿ ಗಿಟಾರ್ ನುಡಿಸುವ ಗೆಳೆಯರು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಮೇಜಿನ ಮೇಲೆ ಎರಡು ಗಿಟಾರ್, ಒಂದು ಸಣ್ಣ ಆಂಪ್ (ಆಂಪ್ಲಿಫೈಯರ್), ಮುಳ್ಳಿನ ಮೀಟರ್, ಸೋಲ್ಡರಿಂಗ್ ಐರನ್ ಇದ್ದವು.

ಎಲ್ಲರಿಗೂ ನಮಸ್ಕಾರ.

ನಾನು ಮಂಡ್ಯದವನು. ನಮ್ಮಪ್ಪನದು ಮೋಟಾರ್ ರಿವೈಂಡಿಂಗ್ ಅಂಗಡಿ. ಪಂಪ್‌ಸೆಟ್ ಸುಟ್ಟುಹೋದರೆ ರೈತರು ಮೋಟಾರನ್ನು ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಕಬ್ಬು ಒಣಗುವ ಹೊತ್ತು. ‘ಅಣ್ಣೋ, ನಾಳೆ ಬೆಳಗ್ಗೆಗೆ ಆಗ್ಲೇಬೇಕು’ ಎಂದು ಬಾಗಿಲಲ್ಲೇ ಕೂತುಬಿಡುತ್ತಿದ್ದರು. ಅಪ್ಪ ಸುಟ್ಟ ಕಾಯಿಲ್ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ, ವಾರ್ನಿಶ್ ಬಿಟ್ಟು ಒಣಗಿಸಿ ಕೊಡುತ್ತಿದ್ದರು. ಸ್ಕೂಲು ಬಿಟ್ಟ ಮೇಲೆ ಸುತ್ತು ಎಣಿಸುವುದು ನನ್ನ ಕೆಲಸ.

ಅಂಗಡಿಯ ಗೋಡೆಯ ಮೇಲೆ ಒಂದು ಸ್ಟಾರ್-ಡೆಲ್ಟಾ ಸ್ಟಾರ್ಟರ್ ಇತ್ತು. ಇಲ್ಲಿ ತೋಟ, ಗದ್ದೆ ಇರುವ ಮನೆಯವರಿಗೆ ಇದು ಗೊತ್ತೇ ಇರುತ್ತದೆ. ದೊಡ್ಡ ಮೋಟಾರಿಗೆ ಒಂದೇ ಸಲ ಪೂರ್ತಿ ವೋಲ್ಟೇಜ್ ಕೊಟ್ಟರೆ ವಿಪರೀತ ಕರೆಂಟ್ ಎಳೆಯುತ್ತದೆ. ಅದಕ್ಕೆ ಈ ಸ್ಟಾರ್ಟರ್ ಮೊದಲು ಮೂರೂ ಕಾಯಿಲ್‌ಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಸೇರಿಸುತ್ತದೆ. ಅದು ಸ್ಟಾರ್. ಆಗ ಒಂದೊಂದು ಕಾಯಿಲ್‌ಗೂ 415 ವೋಲ್ಟ್ ಬದಲು 240 ಸಿಗುತ್ತದೆ. ಮೋಟಾರ್ ವೇಗ ಹಿಡಿದ ಮೇಲೆ ಅದೇ ಮೂರು ಕಾಯಿಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಕಟ್ಟುತ್ತದೆ. ಅದು ಡೆಲ್ಟಾ. ಒಂದು ಸುತ್ತು ತಂತಿಯೂ ಹೆಚ್ಚಿಗೆ ಸೇರಿಲ್ಲ. ಮೋಟಾರಿನ ನಡತೆಯೇ ಬೇರೆ.

ಕಾಲೇಜಿಗೆಂದು ಮೈಸೂರಿಗೆ ಬಂದಾಗ ರೂಮಿನ ಗೆಳೆಯನ ಹತ್ತಿರ ಒಂದು ಎಲೆಕ್ಟ್ರಿಕ್ ಗಿಟಾರ್ ಇತ್ತು. ಕೊರಕೊರ ಸದ್ದು ಬರುತ್ತಿದೆ, ನೋಡ್ತೀಯಾ ಎಂದು ಕೊಟ್ಟ. ಸ್ಕ್ರೂ ಬಿಚ್ಚಿ ಮುಂದಿನ ಪ್ಲೇಟ್ ಎತ್ತಿದೆ. ಒಳಗೆ ಮೂರು ಕಾಯಿಲ್, ಒಂದು ಸ್ವಿಚ್, ಮೂರು ಪಾಟ್, ಅಂದರೆ ಸದ್ದು, ದನಿ ತಿದ್ದಲು ತಿರುಗಿಸುವ ಗುಂಡಿಗಳು. ಅರೆ, ಇದು ನಮ್ಮಂಗಡಿ ಗೋಡೆ ಮೇಲಿರೋದೇ ಅಲ್ವಾ ಅನ್ನಿಸಿತು. ಇವತ್ತು ನಿಮಗೆ ಹೇಳಬೇಕು ಅಂದುಕೊಂಡಿರುವುದು ಆವತ್ತು ಹೊಳೆದ ಅದೊಂದೇ ವಿಷಯ. ನಿಮಗೆ ಬೇಕಾದ ದನಿ ಈಗ ಕೈಯಲ್ಲಿರುವ ಗಿಟಾರಿನ ಒಳಗೇ ಇರಬಹುದು. ಇನ್ನೊಂದು ಗಿಟಾರಿಗೆ ದುಡ್ಡು ಕೂಡಿಸುವ ಮೊದಲು ಅದನ್ನು ಹುಡುಕಿ ನೋಡಿ.

ಇದು ಒಂದು ಸಿಂಗಲ್ ಕಾಯಿಲ್ ಪಿಕಪ್, ಗಿಟಾರ್ ತಂತಿಯ ನಡುಕವನ್ನು ಕರೆಂಟ್ ಮಾಡಿ ಆಂಪಿಗೆ ಕಳಿಸುವ ಭಾಗ. ಒಬ್ಬರಿಂದ ಒಬ್ಬರಿಗೆ ದಾಟಿಸಿ, ಮುಟ್ಟಿ ನೋಡಿ. ಆರು ಅಯಸ್ಕಾಂತದ ಕಡ್ಡಿ, ಸುತ್ತಲೂ ತಾಮ್ರದ ತಂತಿ. ಸ್ಟ್ರಾಟ್, ಅಂದರೆ ಸ್ಟ್ರಾಟೋಕಾಸ್ಟರ್ ಗಿಟಾರ್ ಮಾದರಿಯ ಪಿಕಪ್‌ನಲ್ಲಿ ಸುಮಾರು 8,000 ಸುತ್ತು ಇರುತ್ತದೆ. ತಂತಿ ಅಮೆರಿಕದ ಲೆಕ್ಕದಲ್ಲಿ 42 ಗೇಜ್, ಅಂದರೆ 0.063 ಮಿಲಿಮೀಟರ್ ದಪ್ಪ. ನಮ್ಮ ರಿವೈಂಡಿಂಗ್ ಅಂಗಡಿಗಳ ಎಸ್‌ಡಬ್ಲ್ಯೂಜಿ ಲೆಕ್ಕಕ್ಕೆ 46ರ ಹತ್ತಿರ. ತಲೆಕೂದಲಿನಷ್ಟು. ಮೀಟರ್ ಇಟ್ಟರೆ 6,000 ಓಮ್ ಆಸುಪಾಸು ತೋರಿಸುತ್ತದೆ.

ಮೇಲೆ ಉಕ್ಕಿನ ತಂತಿ ಅಲುಗಿದರೆ ಅಯಸ್ಕಾಂತದ ಸೆಳೆತವೂ ಅಲುಗುತ್ತದೆ, ಕಾಯಿಲ್‌ನಲ್ಲಿ ಕರೆಂಟ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ತೋರಿಸಿದ್ದು ಇದನ್ನೇ. ನಮ್ಮ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಯಿತಲ್ಲ, ಅದೂ ಇದೇ ತತ್ವ. ಅಲ್ಲಿ ಕಾವೇರಿ ಚಕ್ರ ತಿರುಗಿಸಿದಳು, ಇಲ್ಲಿ ನಿಮ್ಮ ಬೆರಳು ತಂತಿ ಮೀಟುತ್ತದೆ.

ಆಗಲೇ ಒಬ್ಬರು ಕೇಳಿದರು, ಇದನ್ನು ವೀಣೆಗೆ ಹಾಕಬಹುದಾ ಅಂತ. ಮೈಸೂರಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉಕ್ಕಿನ ತಂತಿಗೆ ಇದು ಓಗೊಡುತ್ತದೆ. ಬರೀ ಹಿತ್ತಾಳೆ ತಂತಿಯನ್ನು ಅಯಸ್ಕಾಂತ ಕಂಡೇ ಕಾಣುವುದಿಲ್ಲ. ಉಕ್ಕಿನ ಸಾರಣಿ ತಂತಿ ಜೋರಾಗಿ ಕೇಳಿ ಹಿತ್ತಾಳೆಯ ಮಂದ್ರ ಮಾಯವಾದರೆ ಅದು ವೀಣೆಯೇ ಅಲ್ಲ. ವೀಣೆಗೆ ಮರದ ನಡುಕವನ್ನು ಹಿಡಿಯುವ, ಮೈಗೆ ಅಂಟಿಸುವ ಪಿಕಪ್ಪೇ ಸರಿ.

ಈಗ ಒಂದು ಕಾಯಿಲ್‌ಗೆ ಎರಡು ತುದಿ, ಅಲ್ವಾ? ಎರಡು ಕಾಯಿಲ್ ಇದ್ದರೆ ನಾಲ್ಕು ತುದಿ. ಈ ನಾಲ್ಕನ್ನು ಹೇಗೆ ಕಟ್ಟುತ್ತೀರಿ ಅನ್ನುವುದರಲ್ಲೇ ನಮ್ಮ ಇವತ್ತಿನ ಕತೆಯೆಲ್ಲ ಇದೆ.

ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದರೆ ಸೀರೀಸ್. ಆಳದ ಬಾವಿಯಿಂದ ದಿಬ್ಬಕ್ಕೆ ನೀರು ಏರಿಸಲು ನಡುವೆ ಇನ್ನೊಂದು ಪಂಪ್ ಕೂರಿಸುತ್ತಾರಲ್ಲ, ಹಾಗೆ. ಮೊದಲನೆಯದು ತಳ್ಳಿದ್ದನ್ನು ಎರಡನೆಯದು ಇನ್ನಷ್ಟು ತಳ್ಳುತ್ತದೆ. ವೋಲ್ಟೇಜ್ ಕೂಡಿಕೊಳ್ಳುತ್ತದೆ, ಸದ್ದು ಏರುತ್ತದೆ. ಆದರೆ ಕಾಯಿಲ್‌ನ ಇಂಡಕ್ಟೆನ್ಸ್, ಅಂದರೆ ಕರೆಂಟಿನ ಏರಿಳಿತವನ್ನು ತಡೆಯುವ ಗುಣ, ಅದೂ ಕೂಡಿಕೊಳ್ಳುತ್ತದೆ. ಅದು ಜಾಸ್ತಿಯಾದಷ್ಟೂ ತೀಕ್ಷ್ಣ ಸ್ವರಗಳು ಹೊರಗೆ ಬರಲು ತಿಣುಕುತ್ತವೆ. ಹಾಗಾಗಿ ದನಿ ದಪ್ಪ, ತುಂಬಿದ್ದು, ಸ್ವಲ್ಪ ಮಂಕು. ಎರಡೂ ತಲೆ ಒಂದು ಕಡೆ, ಎರಡೂ ಬಾಲ ಒಂದು ಕಡೆ ಕಟ್ಟಿದರೆ ಪ್ಯಾರಲಲ್. ಒಂದೇ ಥರದ ಎರಡು ಕಾಯಿಲ್ ಆದರೆ ಇಂಡಕ್ಟೆನ್ಸ್ ಅರ್ಧಕ್ಕೆ ಇಳಿಯುತ್ತದೆ. ಸದ್ದು ಕಡಿಮೆ, ದನಿ ತಿಳಿ. ತಂತಿಗೆ ಮೀಟು ತಾಗಿದ ಚುರುಕು ಕೂಡ ಕೇಳಿಸುತ್ತದೆ.

ಎರಡನ್ನೂ ಈಗ ನುಡಿಸುತ್ತೇನೆ. ಕಣ್ಣು ಮುಚ್ಚಿ ಕೇಳಿ. ಇದು ಸೀರೀಸ್. ಇದು ಪ್ಯಾರಲಲ್. ಗಿಟಾರ್ ಅದೇ, ಬೆರಳು ಅದೇ, ಆಂಪಿನ ಒಂದು ಗುಂಡಿಯನ್ನೂ ನಾನು ಮುಟ್ಟಿಲ್ಲ.

ನುಡಿಸುವವರಿಗೆ ಈ ರುಚಿ ಹತ್ತಿದ್ದು ಒಂದು ಅರೆಬರೆ ಸ್ವಿಚ್ಚಿನಿಂದ. ಫೆಂಡರ್ ಕಂಪನಿ 1954ರಲ್ಲಿ ಸ್ಟ್ರಾಟೋಕಾಸ್ಟರ್ ತಂದಾಗ ಅದಕ್ಕೆ ಮೂರು ಪಿಕಪ್, ಮೂರು ಹಂತದ ಸ್ವಿಚ್. ಒಂದು ಹಂತಕ್ಕೆ ಒಂದು ಪಿಕಪ್ ಅನ್ನುವುದು ಲೆಕ್ಕ. ಸ್ವಿಚ್ಚಿನ ಕಡ್ಡಿ ಎರಡು ಹಂತದ ನಡುವೆ ಸಿಕ್ಕಿಕೊಂಡರೆ ಎರಡು ಪಿಕಪ್ ಒಟ್ಟಿಗೆ ಕೂಗುತ್ತವೆ ಎಂದು ನುಡಿಸುವವರು ಕಂಡುಕೊಂಡರು. ಕಂಪನಿ ಹೇಳಿಕೊಡದ ದನಿ ಅದು. ಕೆಲವರು ಕಡ್ಡಿ ಜಾರದಂತೆ ನಡುವೆ ಏನಾದರೂ ಸಿಗಿಸಿ ನಿಲ್ಲಿಸುತ್ತಿದ್ದರು. ಕೊನೆಗೆ 1977ರಲ್ಲಿ ಕಂಪನಿಯೇ ಐದು ಹಂತದ ಸ್ವಿಚ್ ಹಾಕತೊಡಗಿತು. 23 ವರ್ಷ ಬೇಕಾಯಿತು. ನಮ್ಮ ಹುಡುಗರು ಎರಡನೇ, ನಾಲ್ಕನೇ ಹಂತವನ್ನು ‘ಔಟ್ ಆಫ್ ಫೇಸ್’ ಅನ್ನುತ್ತಾರೆ. ಅದು ತಪ್ಪು. ಅಲ್ಲಿ ಎರಡು ಪಿಕಪ್ ಒಂದೇ ದಿಕ್ಕಿನಲ್ಲಿ, ಪ್ಯಾರಲಲ್ ಆಗಿ ಕೂತಿವೆ. ನಿಜವಾದ ಔಟ್ ಆಫ್ ಫೇಸ್ ಏನು ಅನ್ನುವುದನ್ನು ಆಮೇಲೆ ಕೇಳಿಸುತ್ತೇನೆ.

ಸ್ವಿಚ್ಚಿನಲ್ಲಿ ಸಿಗದ ಜೋಡಿಗಳೂ ಇವೆ. ಮೂರು ಪಿಕಪ್, ಒಂದೊಂದೂ ಆನ್ ಇರಬಹುದು, ಆಫ್ ಇರಬಹುದು. ಎರಡು ಇಂಟು ಎರಡು ಇಂಟು ಎರಡು, ಎಂಟು. ಎಲ್ಲವೂ ಆಫ್ ಇರುವ ಒಂದನ್ನು ಬಿಟ್ಟರೆ ಏಳು. ಐದು ಹಂತದ ಸ್ವಿಚ್ ಕೊಡುವುದು ಐದೇ. ಉಳಿದ ಎರಡು ಎಲ್ಲಿ? ಕುತ್ತಿಗೆಯ ಕಡೆಯ ಪಿಕಪ್ ಮತ್ತು ಬ್ರಿಡ್ಜ್, ಅಂದರೆ ತಂತಿ ಕೂರುವ ಕುದುರೆಯ ಕಡೆಯ ಪಿಕಪ್ ಒಟ್ಟಿಗೆ, ಆಮೇಲೆ ಮೂರೂ ಒಟ್ಟಿಗೆ. ಕುತ್ತಿಗೆ ಪಿಕಪ್ಪನ್ನು ಯಾವಾಗ ಬೇಕಾದರೂ ಸೇರಿಸುವ ಒಂದು ಸಣ್ಣ ಸ್ವಿಚ್ ಹಾಕಿದರೆ ಎರಡೂ ಸಿಗುತ್ತವೆ. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ತಮ್ಮ ಕಪ್ಪು ಸ್ಟ್ರಾಟ್‌ಗೆ ಇಂಥ ಸ್ವಿಚ್ ಹಾಕಿಸಿಕೊಂಡಿದ್ದರು. ಮೊದಲ ಸಲ ಐರನ್ ಹಿಡಿಯುವವರಿಗೆ ನಾನು ಹೇಳುವ ಕೆಲಸ ಇದೇ. ಎರಡೇ ವೈರ್. ಕೆಟ್ಟರೂ ಬಿಚ್ಚಿ ಮೊದಲಿನಂತೆ ಮಾಡಬಹುದು.

ಈಗ ಹಮ್ ವಿಷಯ. ಗುಂಯ್ ಅನ್ನುವ ಸದ್ದು. ಕಾಯಿಲ್ ಅಂದ ಮೇಲೆ ಅದು ತಂತಿಯ ನಡುಕವನ್ನಷ್ಟೇ ಹಿಡಿಯುವುದಿಲ್ಲ, ಟ್ಯೂಬ್‌ಲೈಟು, ಫ್ಯಾನ್ ರೆಗ್ಯುಲೇಟರು, ಗೋಡೆಯೊಳಗಿನ ವೈರು ಎಲ್ಲವನ್ನೂ ಹಿಡಿಯುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಕಿವಿ ಕೊಟ್ಟು ಕೇಳಿದರೆ ನಮ್ಮ ಹಮ್ಮಿನ ಶ್ರುತಿ ಹೆಚ್ಚು ಕಡಿಮೆ ‘ಜಿ’. ಅಮೆರಿಕದಲ್ಲಿ 60 ಹರ್ಟ್ಸ್, ಅಲ್ಲಿ ಹಮ್ ಬೇರೆ ಶ್ರುತಿಯಲ್ಲಿ ಕೂಗುತ್ತದೆ.

ಇದಕ್ಕೆ ಗಿಬ್ಸನ್ ಕಂಪನಿಯ ಸೆತ್ ಲವರ್ ಎಂಬ ಎಂಜಿನಿಯರ್ ಒಂದು ದಾರಿ ಕಂಡರು. ಪೇಟೆಂಟಿಗೆ ಅರ್ಜಿ ಹಾಕಿದ್ದು 1955ರಲ್ಲಿ, ಗಿಟಾರಿಗೆ ಬಂದದ್ದು 1957ರಲ್ಲಿ, ಪೇಟೆಂಟ್ ಕೈಗೆ ಸಿಕ್ಕಿದ್ದು 1959ರಲ್ಲಿ. ಪಕ್ಕಪಕ್ಕ ಎರಡು ಕಾಯಿಲ್. ಎರಡನೆಯದನ್ನು ಉಲ್ಟಾ ಕಟ್ಟಿದರು. ಆಗ ಒಂದರ ಹಮ್ ಮೇಲಕ್ಕೆ ಹೋದಾಗ ಇನ್ನೊಂದರದು ಕೆಳಕ್ಕೆ. ಎರಡೂ ಸೇರಿ ಹೊಡೆದುಕೊಂಡು ಸೊನ್ನೆ. ಹಾಗಾದರೆ ತಂತಿಯ ದನಿಯೂ ಸೊನ್ನೆ ಆಗಬೇಕಲ್ಲ? ಆಗುವುದಿಲ್ಲ. ಯಾಕೆಂದರೆ ಎರಡನೇ ಕಾಯಿಲ್‌ನಲ್ಲಿ ಅಯಸ್ಕಾಂತದ ಧ್ರುವವನ್ನೂ ಉಲ್ಟಾ ಮಾಡಿದರು. ತಂತಿಯ ದನಿ ಎರಡು ಸಲ ತಿರುಗಿ ನೇರವಾಯಿತು. ಗೋಡೆಯ ಹಮ್ಮಿಗೆ ನಮ್ಮ ಅಯಸ್ಕಾಂತದ ಹಂಗಿಲ್ಲ, ಅದು ಒಂದೇ ಸಲ ತಿರುಗಿ ಸತ್ತಿತು. ನಾನು ಎಷ್ಟು ಸಲ ಇದನ್ನು ವಿವರಿಸಿದ್ದೇನೋ, ಪ್ರತಿ ಸಲವೂ ಮನಸ್ಸು ಅರಳುತ್ತದೆ. ಇದೇ ಹಂಬಕರ್.

ಹೋದ ತಿಂಗಳು ಒಬ್ಬ ಹುಡುಗ ಹಂಬಕರ್ ಇರುವ ಗಿಟಾರ್ ತಂದ. ‘ಅಣ್ಣ, ಇದು ಬರೀ ದಪ್ಪ ದನಿ. ಒಂದು ಸ್ಟ್ರಾಟ್ ತಗೋಬೇಕು ಅಂತಿದೀನಿ’ ಅಂದ. ಹಿಂದಿನ ಮುಚ್ಚಳ ತೆಗೆದೆ. ಪಿಕಪ್‌ನಿಂದ ನಾಲ್ಕು ಬಣ್ಣದ ವೈರ್, ಜೊತೆಗೆ ಒಂದು ಬರೀ ತಂತಿ. ಎರಡು ವೈರ್ ಸೇರಿಸಿ ಟೇಪ್ ಸುತ್ತಿ ಮೂಲೆಗೆ ತುರುಕಿದ್ದರು. ಅವನಿಗೆ ಬೇಕಿದ್ದ ದನಿ ಆ ಟೇಪಿನೊಳಗೇ ಇತ್ತು.

ಆ ಎರಡು ವೈರ್ ಸೇರುವ ಜಾಗ ಎರಡು ಕಾಯಿಲ್‌ಗಳ ನಡುವಿನ ಗಂಟು. ಸಾಮಾನ್ಯವಾಗಿ ಎಲ್ಲರೂ ಮಾಡುವುದು ಸ್ಪ್ಲಿಟ್. ಆ ಗಂಟನ್ನು ಗ್ರೌಂಡ್‌ಗೆ ಮುಟ್ಟಿಸಿದರೆ ಒಂದು ಕಾಯಿಲ್ ಮಲಗುತ್ತದೆ, ಇನ್ನೊಂದು ಒಂಟಿಯಾಗಿ ಹಾಡುತ್ತದೆ. ದನಿ ತೆಳುವಾಗುತ್ತದೆ, ನಿಜ. ಆದರೆ ಒಂಟಿ ಕಾಯಿಲ್ ಆದ ತಕ್ಷಣ ಹಮ್ ವಾಪಸ್ ಬರುತ್ತದೆ. ನನ್ನ ಅನುಭವದಲ್ಲಿ ನಮ್ಮ ಮನೆಗಳಿಗೆ, ಗಣಪತಿ ಪೆಂಡಾಲಿಗೆ, ಕಾಲೇಜು ಸ್ಟೇಜಿಗೆ ಪ್ಯಾರಲಲ್ ಮೇಲು. ದನಿ ತಿಳಿಯಾಗುತ್ತದೆ, ಎರಡೂ ಕಾಯಿಲ್ ಎಚ್ಚರ ಇರುವುದರಿಂದ ಹಮ್ ಸತ್ತೇ ಇರುತ್ತದೆ. ಸ್ಪ್ಲಿಟ್‌ನ ಒರಟು ಚುರುಕು ಬೇಕೇ ಬೇಕು ಅನ್ನುವವರೂ ಇದ್ದಾರೆ. ಅವರ ಕಿವಿ ಅವರದು. ನನ್ನನ್ನು ಕೇಳಿದರೆ ಮೊದಲು ಪ್ಯಾರಲಲ್ ಹಾಕಿ ಒಂದು ವಾರ ನುಡಿಸಿ ಅನ್ನುತ್ತೇನೆ.

ಗಿಟಾರಿನ ಮೈಗೆ ತೂತು ಕೊರೆಯುವುದು ನನಗೆ ಇಷ್ಟವಿಲ್ಲ. ಅದಕ್ಕೆ ಪುಶ್-ಪುಲ್ ಪಾಟ್ ಇದೆ. ನೋಡಲು ಮಾಮೂಲಿ ವಾಲ್ಯೂಮ್ ಪಾಟ್. ಮೇಲಕ್ಕೆ ಎಳೆದರೆ ಟಕ್ ಎಂದು ಒಳಗಿನ ಸ್ವಿಚ್ ಬದಲಾಗುತ್ತದೆ. ಹಿಂಬದಿಯಲ್ಲಿ ಆರು ಕಾಲು, ಮೂರು ಮೂರರ ಎರಡು ಸಾಲು. ಟೇಪ್ ಬಿಚ್ಚಿ ಆ ಎರಡು ವೈರ್ ಬಿಡಿಸಿಕೊಳ್ಳಿ. ಮೊದಲ ಕಾಯಿಲ್‌ನ ಬಾಲ ಒಂದು ಸಾಲಿನ ನಡುವಿನ ಕಾಲಿಗೆ. ಎರಡನೇ ಕಾಯಿಲ್‌ನ ತಲೆ ಇನ್ನೊಂದು ಸಾಲಿನ ನಡುವಿನ ಕಾಲಿಗೆ. ಮೇಲಿನ ಎರಡು ಕಾಲುಗಳ ನಡುವೆ ಒಂದು ಚೂರು ತಂತಿಯ ಸೇತುವೆ. ಕೆಳಗೆ, ಬಾಲದ ಸಾಲಿನ ಕಾಲು ಗ್ರೌಂಡ್‌ಗೆ, ತಲೆಯ ಸಾಲಿನ ಕಾಲು ಹಾಟ್‌ಗೆ, ಅಂದರೆ ದನಿ ಹೊರಗೆ ಹೋಗುವ ವೈರಿಗೆ. ಉಳಿದ ಎರಡು ವೈರ್ ಇದ್ದಲ್ಲೇ ಇರಲಿ. ಮುಗಿಯಿತು. ಸ್ವಿಚ್ ಒಂದು ಕಡೆ ಇದ್ದಾಗ ಸೇತುವೆ ದಾಟಿ ಸೀರೀಸ್, ಇನ್ನೊಂದು ಕಡೆ ಪ್ಯಾರಲಲ್. ಆ ಹುಡುಗ ಗುಂಡಿ ಎಳೆದು ಒಂದು ಕಾರ್ಡ್ ಬಾರಿಸಿದ. ಒತ್ತಿ ಇನ್ನೊಮ್ಮೆ ಬಾರಿಸಿದ. ಮತ್ತೆ ಎಳೆದ. ಅರ್ಧ ಗಂಟೆ ನನ್ನ ಬೆಂಚಿನಿಂದ ಏಳಲೇ ಇಲ್ಲ.

ವೈರಿನ ಬಣ್ಣ ನೋಡಿ ಕಟ್ಟಬೇಡಿ. ಸೆಮೋರ್ ಡಂಕನ್ ಪಿಕಪ್‌ನಲ್ಲಿ ಕಪ್ಪು ವೈರ್ ಹಾಟ್. ಡಿಮಾರ್ಜಿಯೋದಲ್ಲಿ ಕೆಂಪು ಹಾಟ್, ಕಪ್ಪು ನಡುವಿನ ಗಂಟಿಗೆ ಹೋಗುತ್ತದೆ. ಒಂದರ ನಕ್ಷೆ ಹಿಡಿದು ಇನ್ನೊಂದನ್ನು ಕಟ್ಟಿದರೆ ದನಿಯೇ ಬರದೆ ಹೋಗಬಹುದು. ಹಳೆಯ ಮಾದರಿಯ ಹಂಬಕರ್‌ಗಳಲ್ಲಿ ಹೊರಗೆ ಬರುವುದು ಒಂದೇ ಹೆಣೆದ ಕೇಬಲ್, ನಡುವಿನ ಗಂಟು ಒಳಗೇ ಇರುತ್ತದೆ. ಅದನ್ನು ಬಿಚ್ಚುವ ಕೆಲಸಕ್ಕೆ ಸದ್ಯಕ್ಕೆ ಕೈ ಹಾಕಬೇಡಿ.

ಯಾಕೆ ಹೇಳುತ್ತೇನೆ ಅಂದರೆ, ನಾನು ಕೈ ಹಾಕಿದ್ದೆ. ಒಬ್ಬರು ತುಂಬಾ ಪ್ರೀತಿಯಿಂದ ಇಟ್ಟುಕೊಂಡಿದ್ದ ಗಿಟಾರ್. ಪಿಕಪ್‌ನ ಟೇಪ್ ಬಿಡಿಸುವಾಗ ಅಂಟಿನ ಜೊತೆ ಆ ಕೂದಲಿನಂಥ ತಂತಿಯೂ ಬಂತು. ಸದ್ದೇ ಇಲ್ಲದೆ ಕಡಿದುಹೋಯಿತು. ಮೀಟರ್ ಇಟ್ಟೆ, ಮುಳ್ಳು ಅಲುಗಲಿಲ್ಲ. ಕಾಯಿಲ್‌ನ ಒಳತುದಿ ಅದು, 5,000 ಸುತ್ತಿನ ಅಡಿಯಲ್ಲಿ. ರಾತ್ರಿ ಬಸ್ ಹಿಡಿದು ಮಂಡ್ಯಕ್ಕೆ ಹೋದೆ. ಅಪ್ಪ ಬೈಯಲಿಲ್ಲ. ಕನ್ನಡಕ ಹಾಕಿಕೊಂಡು ತಂತಿಯನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿದರು. ‘ಇಷ್ಟು ಸಣ್ಣುದ್ದ ನಾನೂ ಸುತ್ತಿಲ್ಲ ಕಣ್ಲಾ. ನಿಧಾನಕ್ಕೆ ಸುತ್ತಾನ’ ಅಂದರು. ನಾನು ಹ್ಯಾಂಡಲ್ ತಿರುಗಿಸಿದೆ, ಅವರು ತಂತಿಯನ್ನು ಎರಡು ಬೆರಳ ನಡುವೆ ಹಿಡಿದರು. ಬಿಗಿ ಹಿಡಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಗೋಜಲಾಗುತ್ತದೆ. ಎರಡು ಸಲ ಕಡಿಯಿತು. ಮೂರನೇ ಸಲ ಬೆಳಗಿನ ಜಾವಕ್ಕೆ ಮುಗಿಯಿತು. ಗಿಟಾರಿನ ಮಾಲೀಕರಿಗೆ ನಡೆದದ್ದೆಲ್ಲ ಹೇಳಿಯೇ ವಾಪಸ್ ಕೊಟ್ಟೆ.

ಬೆಸುಗೆಯ ಬಗ್ಗೆ ಒಂದೆರಡು ಮಾತು. ಪಾಟಿನ ಬೆನ್ನು ದೊಡ್ಡ ಲೋಹ, ಬಿಸಿ ಹೀರುತ್ತದೆ. ಸಣ್ಣ ಐರನ್ ಹಿಡಿದು ಒಂದು ನಿಮಿಷ ಒತ್ತಿಕೊಂಡು ಕೂತರೆ ಒಳಗಿನ ಕರಿ ಪಟ್ಟಿ ಸುಡುತ್ತದೆ. 40 ವಾಟ್ ಐರನ್, ಅಗಲ ತುದಿ, ಮೊದಲು ಬೆನ್ನನ್ನು ಸ್ವಲ್ಪ ಉಜ್ಜಿ ಲೆಡ್ ಹಚ್ಚಿಕೊಳ್ಳಿ. ಆಮೇಲೆ ವೈರ್ ಇಟ್ಟರೆ ಮೂರು ನಾಲ್ಕು ಸೆಕೆಂಡಿನ ಕೆಲಸ. ಬೆಸುಗೆ ಆರಿದಾಗ ಹೊಳೆಯಬೇಕು. ಬೂದಿ ಬಣ್ಣಕ್ಕೆ ತಿರುಗಿ ಉಂಡೆಯಾಗಿ ಕೂತಿದ್ದರೆ ಒಳಗೆ ಹಿಡಿದಿಲ್ಲ, ಇನ್ನೊಮ್ಮೆ ಕಾಯಿಸಿ.

ಪಾಟ್ ಸಿಂಗಲ್ ಕಾಯಿಲ್‌ಗೆ 250 ಕೆ (ಕಿಲೋ ಓಮ್), ಹಂಬಕರ್‌ಗೆ 500 ಕೆ ಎನ್ನುವುದು ರೂಢಿ. ಟೋನ್ ಕೆಪಾಸಿಟರ್ ನಾಲೆಯ ಪಕ್ಕದ ತೂಬಿನ ಹಾಗೆ, ತೀಕ್ಷ್ಣ ಸ್ವರಗಳನ್ನು ಮಾತ್ರ ಗ್ರೌಂಡಿಗೆ ಹರಿಸುತ್ತದೆ. ಅದಕ್ಕೆ ನೂರಾರು ರೂಪಾಯಿ ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಇನ್ನೊಂದು ಮುಖ್ಯ ವಿಷಯ. ಗಿಟಾರಿನೊಳಗೆ ಶಾಕ್ ಹೊಡೆಯುವಂಥದ್ದು ಏನೂ ಇಲ್ಲ, ಧೈರ್ಯವಾಗಿ ಬಿಚ್ಚಿ. ಆದರೆ ತಂತಿಗಳು ಗ್ರೌಂಡ್ ಮೂಲಕ ಆಂಪಿಗೆ ಸೇರಿವೆ, ನಿಮ್ಮ ಕೈ ತಂತಿಯ ಮೇಲಿದೆ. ಆಂಪಿನ ಮೂರನೇ ಪಿನ್‌ಗೆ ಸರಿಯಾದ ಅರ್ಥಿಂಗ್ ಇಲ್ಲದ ಸ್ಟೇಜಿನಲ್ಲಿ, ದಯವಿಟ್ಟು, ನುಡಿಸಬೇಡಿ. ಆಂಪನ್ನು ಮನೆಯಲ್ಲಿ ಬಿಚ್ಚಲೂ ಬೇಡಿ. ವಾಲ್ವ್ ಆಂಪಿನ ಕೆಪಾಸಿಟರ್‌ಗಳು ಪ್ಲಗ್ ಕಿತ್ತ ಮೇಲೂ ಜೀವ ತೆಗೆಯುವಷ್ಟು ಚಾರ್ಜ್ ಹಿಡಿದಿಟ್ಟಿರುತ್ತವೆ.

ಈಗ ಆಗಲೇ ಹೇಳಿದ ಔಟ್ ಆಫ್ ಫೇಸ್. ಮೋಟಾರಿನಲ್ಲಿ ಮೂರರ ಪೈಕಿ ಒಂದು ಕಾಯಿಲ್‌ನ ತಲೆ ಬಾಲ ಅದಲುಬದಲಾದರೆ ಮೋಟಾರ್ ಗುರ್ ಅನ್ನುತ್ತದೆ, ಎಳೆಯುವುದಿಲ್ಲ, ಬಿಸಿಯಾಗುತ್ತದೆ. ಅಂಗಡಿಯಲ್ಲಿ ಅದು ದೊಡ್ಡ ತಪ್ಪು. ಗಿಟಾರಿನಲ್ಲಿ ಅದೇ ತಪ್ಪು ಒಂದು ದನಿ. ಎರಡು ಪಿಕಪ್ ಒಂದಕ್ಕೊಂದು ಎದುರಾಗಿ ಕೂಗಿದರೆ ಇಬ್ಬರಿಗೂ ಸಮಾನವಾದದ್ದು, ಮುಖ್ಯವಾಗಿ ಕೆಳಗಿನ ದಪ್ಪ ಸ್ವರ, ಕಳೆದುಹೋಗುತ್ತದೆ. ಇಬ್ಬರಲ್ಲೂ ಬೇರೆ ಇರುವುದು ಮಾತ್ರ ಉಳಿಯುತ್ತದೆ. ಕೇಳಿ. ಮೂಗಿನಿಂದ ಹಾಡಿದ ಹಾಗಿದೆ, ಅಲ್ವಾ? ಒಂಟಿಯಾಗಿ ಕೇಳಿದರೆ ಬಡಕಲು. ಡ್ರಮ್, ಬೇಸ್, ಕೀಬೋರ್ಡ್ ಎಲ್ಲ ತುಂಬಿಕೊಂಡಿರುವಾಗ ಇದೊಂದೇ ನಡುವೆ ಸೀಳಿಕೊಂಡು ಬರುತ್ತದೆ. ಫ್ಲೀಟ್‌ವುಡ್ ಮ್ಯಾಕ್ ತಂಡದ ಪೀಟರ್ ಗ್ರೀನ್ ಅವರ ಲೆಸ್ ಪಾಲ್ ಗಿಟಾರಿನಲ್ಲಿ ಕುತ್ತಿಗೆ ಪಿಕಪ್‌ನ ಅಯಸ್ಕಾಂತ ಉಲ್ಟಾ ಇತ್ತು. ಎರಡೂ ಪಿಕಪ್ ಹಾಕಿದಾಗ ಬರುವ ಆ ದನಿಗೆ ಜನ ಇವತ್ತಿಗೂ ಮಾರುಹೋಗುತ್ತಾರೆ.

ಕ್ವೀನ್ ತಂಡದ ಬ್ರಯಾನ್ ಮೇ ಇದನ್ನು ಇನ್ನೂ ಮುಂದೆ ಒಯ್ದರು. 1963ರಲ್ಲಿ ಅವರು ಹುಡುಗ. ಗಿಟಾರ್ ಕೊಳ್ಳಲು ದುಡ್ಡಿಲ್ಲ. ಎಲೆಕ್ಟ್ರಾನಿಕ್ಸ್ ಎಂಜಿನಿಯರ್ ಆಗಿದ್ದ ಅಪ್ಪನ ಜೊತೆ ಕೂತು ತಾವೇ ಒಂದನ್ನು ಕಟ್ಟಲು ಶುರು ಮಾಡಿದರು. ಕುತ್ತಿಗೆಗೆ ಹಳೆಯ ಬೆಂಕಿಗೂಡಿನ ಮರ. ಮೂರು ಪಿಕಪ್ ಸೀರೀಸ್‌ನಲ್ಲಿ. ಒಂದೊಂದಕ್ಕೂ ಆನ್-ಆಫ್‌ಗೆ ಒಂದು ಸ್ವಿಚ್, ತಲೆ ಬಾಲ ತಿರುಗಿಸಲು ಇನ್ನೊಂದು. ಒಟ್ಟು ಆರು. ಅಪ್ಪ ಮಗ ಒಂದೇ ಮೇಜಿಗೆ ಬಾಗಿ ಕೂತ ಆ ಚಿತ್ರ ನೆನಪಾದಾಗಲೆಲ್ಲ ನನಗೆ ನಮ್ಮಂಗಡಿ ನೆನಪಾಗುತ್ತದೆ.

ಫೇಸ್ ತಿರುಗಿಸುವವರಿಗೆ ಒಂದು ಎಚ್ಚರಿಕೆ. ಪಿಕಪ್‌ಗೆ ಲೋಹದ ಮುಚ್ಚಳ ಇದ್ದು ಅದು ಕಾಯಿಲ್‌ನ ಬಾಲಕ್ಕೇ ಸೇರಿದ್ದರೆ, ತಿರುಗಿಸಿದಾಗ ಮುಚ್ಚಳವೇ ಹಾಟ್ ಆಗುತ್ತದೆ. ಕೈ ತಾಗಿದರೆ ಗುಂಯ್ ಅನ್ನುತ್ತದೆ. ಮುಚ್ಚಳದ ಗ್ರೌಂಡಿಗೆ ಬೇರೆ ವೈರ್ ಹಾಕಿ ಬಿಡಿಸಿಕೊಳ್ಳಬೇಕು.

ಯಾವ ತುದಿ ತಲೆ, ಯಾವುದು ಬಾಲ ಎಂದು ತಿಳಿಯುವುದು ಹೇಗೆ? ಅಪ್ಪ ಮೋಟಾರಿಗೆ ಮಾಡುತ್ತಿದ್ದುದು ಹೀಗೆ. ಒಂದು ಕಾಯಿಲ್‌ಗೆ ಟಾರ್ಚ್ ಸೆಲ್ ಮುಟ್ಟಿಸುತ್ತಿದ್ದರು. ಇನ್ನೊಂದು ಕಾಯಿಲ್‌ಗೆ ಮೀಟರ್. ಮುಟ್ಟಿಸಿದ ಗಳಿಗೆಯಲ್ಲಿ ಮುಳ್ಳು ಒಮ್ಮೆ ಒದೆಯುತ್ತದೆ. ‘ಎತ್ತಗೆ ಒದೀತು ನೋಡ್ಲಾ’ ಎಂದು ನನ್ನನ್ನು ಕೇಳುತ್ತಿದ್ದರು. ಈ ಮೇಜಿನ ಮೇಲಿರುವುದು ಅದೇ ಮೀಟರ್.

ಪಿಕಪ್‌ಗೆ ಸೆಲ್ ಬೇಡ, ಅದರೊಳಗೇ ಅಯಸ್ಕಾಂತ ಇದೆ. ಒಂದು ಸ್ಕ್ರೂಡ್ರೈವರ್ ಸಾಕು. ಯಾರಾದರೂ ಬನ್ನಿ. ಹಾಂ, ನೀವೇ ಬನ್ನಮ್ಮ. ಮೀಟರನ್ನು ಓಮ್ ರೇಂಜಿನಲ್ಲಿಟ್ಟಿದ್ದೇನೆ, ಮುಳ್ಳು 6,000ದ ಹತ್ತಿರ ನಿಂತಿದೆ. ಸ್ಕ್ರೂಡ್ರೈವರ್ ತುದಿಯನ್ನು ಪಿಕಪ್‌ನ ಕಡ್ಡಿಗೆ ಟಕ್ ಎಂದು ಮುಟ್ಟಿಸಿ. ಮುಟ್ಟುವ ಗಳಿಗೆಯನ್ನು ಮಾತ್ರ ನೋಡಿ, ತೆಗೆಯುವಾಗ ಉಲ್ಟಾ ಹೋಗುತ್ತದೆ. ಯಾವ ಕಡೆ ಒದೆಯಿತು? ಬಲಕ್ಕೆ. ಈಗ ಮೀಟರಿನ ಅದೇ ಬಣ್ಣದ ಪಿನ್ ಅದೇ ಬಣ್ಣದ ವೈರಿಗೆ, ಅದೇ ಲೆಕ್ಕದಲ್ಲಿ ಎರಡನೇ ಪಿಕಪ್‌ಗೆ. ಮುಟ್ಟಿಸಿ.

ಎಡಕ್ಕೆ. ಎಲ್ಲರಿಗೂ ಕಾಣಿಸಿತಾ? ಇನ್ನೊಮ್ಮೆ ಮುಟ್ಟಿಸಿ ಅಮ್ಮ, ಹಿಂದೆ ಕೂತವರಿಗೆ ಕಾಣಲಿ. ಹಾಗಾದರೆ ಈ ಎರಡು ಪಿಕಪ್ ಒಂದಕ್ಕೊಂದು ಎದುರಿವೆ. ಎರಡನೆಯದರ ಬಿಳಿ ವೈರ್, ಕಪ್ಪು ವೈರ್ ಎರಡನ್ನೂ ಬಿಡಿಸಿ ಅದಲುಬದಲು ಮಾಡೋಣ. ಐರನ್ ಕಾದಿದೆ. ನೀವೇ ಹಿಡಿಯಿರಿ, ವೈರ್ ನಾನು ಹಿಡಿದುಕೊಳ್ಳುತ್ತೇನೆ.